ಬಸ್ಸಿನ ಗೃಹಪ್ರವೇಶ

ನಿಮ್ಮ ತಾತ ಜೀವಮಾನದಲ್ಲಿ ಕಟ್ಟಿದ್ದು ಒಂದೇ ಮನೆ. ಅದಕ್ಕೆ ಆರು ಟೈರುಗಳಿದ್ದವು.

ನಗಬೇಡಿ ಮಕ್ಕಳೇ. ನಗುವುದಿದ್ದರೆ ಪೂರ್ತಿ ಓದಿದ ಮೇಲೆ ನಗಿ. ಆ ಮನೆಗೆ ಅಡಿಪಾಯವೊಂದನ್ನು ಬಿಟ್ಟು ಎಲ್ಲವೂ ಇತ್ತು. ಹೊಸ್ತಿಲಿತ್ತು, ಹೊಸ್ತಿಲಿಗೆ ಅರಿಶಿನ ಕುಂಕುಮವಿತ್ತು, ಮಾವಿನ ತೋರಣವಿತ್ತು. ಹಾರನ್ ಕೂಡ ಇತ್ತು. ಇನ್ನೇನು ಬೇಕು ಒಂದು ಮನೆಗೆ?

ತಾತ ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರಾಗಿದ್ದರು. ಕೆಟ್ಟುಹೋದದ್ದನ್ನು ರಿಪೇರಿ ಮಾಡುವುದು ಅವರ ಕೆಲಸ. ಸರಿಯಾಗಿರುವುದನ್ನು ರಿಪೇರಿ ಮಾಡುವುದು ಅವರ ಸಂತೋಷ. ನಮ್ಮ ಮನೆಯ ಸೀಮೆಎಣ್ಣೆ ಸ್ಟೌ ಚೆನ್ನಾಗಿಯೇ ಉರಿಯುತ್ತಿತ್ತು. ಅವರು ಅದನ್ನು ಸುಧಾರಿಸಿದ ಮೇಲೆ ಹೊತ್ತಿಸಲು ಇಬ್ಬರು ಬೇಕಾಯಿತು. ಒಬ್ಬರು ಪಂಪು ಹೊಡೆಯಲು, ಇನ್ನೊಬ್ಬರು ಓಡಿಹೋಗಲು ಬಾಗಿಲು ತೆರೆದು ಹಿಡಿಯಲು.

ಗಣಿ ಸರ್ಕಾರದ ಕೈಗೆ ಬಂದ ಮೇಲೆ ಬಿಳಿಯ ದೊರೆಗಳೆಲ್ಲ ಒಬ್ಬೊಬ್ಬರಾಗಿ ತಮ್ಮ ಸೀಮೆಗೆ ಹೊರಟುಹೋಗಿದ್ದರು. ತಾತನ ಮೇಲಿನ ಅಧಿಕಾರಿಯಾಗಿದ್ದ ದೊರೆಯೂ ಹೋಗಿದ್ದರು. ನಾಲ್ಕೈದು ವರ್ಷದ ನಂತರ ಅವರಿಂದ ತಾತನಿಗೆ ಒಂದು ಕಾಗದ ಬಂತು. ಆಫೀಸಿನ ರೈಟರು ಓದಿ ಅರ್ಥ ಹೇಳಿದರಂತೆ. ದೊರೆಸಾನಿಗೆ ಮಂಡಿ ಎರಡೂ ಹೋಗಿವೆ. ಮೆಟ್ಟಿಲು ಹತ್ತಲಾರರು, ಅರ್ಧ ಗಂಟೆಗಿಂತ ಹೆಚ್ಚು ಕೂರಲಾರರು, ಮಲಗಿಯೇ ಇರಬೇಕು. ಆದರೂ ಗಣಿಯಿಂದ ಕನ್ಯಾಕುಮಾರಿಯವರೆಗೆ ಒಮ್ಮೆ ನೋಡಿಬರಬೇಕೆಂದು ಹಟ ಹಿಡಿದಿದ್ದಾರೆ. ಮಲಗಲು, ಅಡುಗೆ ಮಾಡಿಕೊಳ್ಳಲು ಆಗುವಂಥ ಮೋಟಾರು ಎರಡು ತಿಂಗಳ ಮಟ್ಟಿಗೆ ಸಿಗುತ್ತದೆಯೇ? ಸಿಕ್ಕರೆ ಬರುತ್ತೇವೆ. ಅದರೊಳಗೆ ಹತ್ತಲು ಅವಳಿಂದ ಆಗದಿದ್ದರೆ ಬಂದ ರೈಲಿನಲ್ಲೇ ವಾಪಸು ಹೋಗುತ್ತೇವೆ, ನೀನು ಬೇಸರ ಮಾಡಿಕೊಳ್ಳಬೇಡ.

ತಾತ ಅದೇ ದಿನ ಉತ್ತರ ಬರೆಸಿ ಹಾಕಿದರು. ‘ಮೋಟಾರು ಸಿದ್ಧವಾಗಿದೆ.’

“ಯಾವ ಮೋಟಾರು?” ಅಂದೆ ನಾನು.

“ಎಲ್ಲೋ ಇರ್ತೈತೆ. ಉಡುಕ್ಬೇಕು ಅಷ್ಟೆ.”

“ಸಿದ್ಧವಾಗೈತೆ ಅಂತ ಬರೆಸಿದ್ರಲ್ಲ?”

“ನಾನು ಸಿದ್ಧವಾಗಿದೀನಲ್ಲ. ಮೋಟಾರೇನು ದೊಡ್ಡದು?”

ಕೊನೆಗೆ ಸಿಕ್ಕಿದ್ದು ಬಂಗಾರಪೇಟೆಯ ಒಂದು ಶೆಡ್ಡಿನಲ್ಲಿ. ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲದ ಬಸ್ಸು. ಅದರ ಸೀಟುಗಳು ಯಾರದೋ ಹೋಟೆಲಿನ ಬೆಂಚುಗಳಾಗಿದ್ದವು, ಚಾವಣಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಬಸ್ಸಿನ ಮಾಲೀಕರು, ಓಡಿಸಲು ಆದರೆ ಓಡಿಸಿಕೋ ಎಂದು ಉದಾರವಾಗಿ ಹೇಳಿದರಂತೆ. ಅದು ಓಡುತ್ತದೆಂಬ ಭಯ ಅವರಿಗೆ ಇರಲಿಲ್ಲ ಎಂದು ಕಾಣುತ್ತದೆ.

ದಿನವೂ ಕೆಲಸ ಮುಗಿಸಿ ತಾತ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋಗತೊಡಗಿದರು. ಒಂದೇ ತಿಂಗಳಲ್ಲಿ ಎಂಜಿನ್ ಕೆಮ್ಮಿತು, ಆಮೇಲೆ ಕೂಗಿತು, ಆಮೇಲೆ ಓಡಿತು. ಇಲ್ಲಿಯವರೆಗೆ ಎಲ್ಲವೂ ಸರಿಯೇ. ತೊಂದರೆ ಶುರುವಾದದ್ದು ಬಡಗಿ ಆಚಾರಿಯನ್ನು ಕರೆದು ಒಳಗಿನ ಕೆಲಸ ಹಿಡಿದಾಗ. ಮಲಗಿ ಏಳುವ ಜಾಗ, ಉಂಡು ತಿನ್ನುವ ಜಾಗ ಅಂದ ಮೇಲೆ ಅದು ಮನೆ. ಮನೆ ಅಂದ ಮೇಲೆ ವಾಸ್ತು ಬೇಡವೇ? ಸೀಮೆಯಿಂದ ನಮ್ಮನ್ನು ನಂಬಿ ಬರುವವರನ್ನು ಆಯ ತಪ್ಪಿದ ಮನೆಯಲ್ಲಿ ಮಲಗಿಸುವುದೇ? ತಾತ ಆಚಾರಿಗೆ ಆಜ್ಞೆ ಮಾಡಿದರು, ಒಲೆ ಆಗ್ನೇಯ ಮೂಲೆಗೇ ಬರಬೇಕೆಂದು.

ಬಸ್ಸು ಶೆಡ್ಡಿನಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತಿತ್ತು. ಆಚಾರಿ ದಾರ ಹಿಡಿದು ಅಳೆದು, ಆಗ್ನೇಯ ಮೂಲೆಗೆ ಹೋಗಿ ನಿಂತುಕೊಂಡನಂತೆ.

“ಮೇಸ್ತ್ರಿ, ಆಗ್ನೇಯ ಇಲ್ಲೈತೆ.”

“ಅಲ್ಲೇ ಮಡಗು ಮತ್ತೆ.”

“ಇಲ್ಲಿ ಡ್ರೈವರ್ ಸೀಟೈತೆ. ಡ್ರೈವರ್ ತೊಡೆ ಮೇಲೆ ಮಡಗ್ಲಾ?”

ತಾತ ಯೋಚಿಸಿದರು. ಬೇರೆಯವರಾಗಿದ್ದರೆ ಒಲೆಯನ್ನು ಬೇರೆ ಕಡೆ ಇಡುತ್ತಿದ್ದರು. ಇವರು ಬಸ್ಸನ್ನೇ ಹೊರಗೆ ತೆಗೆದು, ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದರು. ಈಗ ಆಗ್ನೇಯ ಹಿಂದಿನ ಎಡ ಮೂಲೆಗೆ ಹೋಯಿತು. ಹಿಂಭಾಗ ಕೊಯ್ದು ಮಾಡಿದ ಬಾಗಿಲು ಪೂರ್ವಕ್ಕೆ ಬಂತು. ಬಲಗಡೆಯ ಮಂಚದಲ್ಲಿ ಮಲಗಿದರೆ ತಲೆಯೂ ಪೂರ್ವಕ್ಕೇ ಬಂತು. ಇಂಥ ಲಕ್ಷಣವಾದ ಮನೆ ಆಂಡರ್ಸನ್‌ಪೇಟೆಯ ಸಾಹುಕಾರರಿಗೂ ಇಲ್ಲ ಎಂದು ಅವರು ಮನೆಗೆ ಬಂದು ನನಗೆ ವರ್ಣಿಸಿದರು.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಐದನೆಯ ತರಗತಿ. ಆದರೂ ಒಂದು ಸಂಶಯ ಬಂತು.

“ಬಸ್ಸು ತಿರುಗ್ತೈತಲ್ಲ?” ಅಂದೆ.

“ತಿರುಗಿದ್ರೆ?”

“ಆಗ್ನೇಯನೂ ತಿರುಗ್ತೈತಲ್ಲ?”

ಅವರು ಊಟ ಬಿಟ್ಟು ನನ್ನನ್ನೇ ನೋಡಿದರು. ಮೂರನೆಯ ದಿನ ಕಾನೂನು ಹೊರಟಿತು: ಓಡುವಾಗ ಅದು ಬಸ್ಸು, ನಿಂತಾಗ ಮನೆ. ಆದ್ದರಿಂದ ಸಾಯಂಕಾಲ ಎಲ್ಲಿ ನಿಲ್ಲಿಸಿದರೂ ಮೂತಿಯನ್ನು ಸೂರ್ಯ ಮುಳುಗುವ ಕಡೆಗೇ ಇಟ್ಟು ನಿಲ್ಲಿಸತಕ್ಕದ್ದು. ಮೋಡ ಮುಚ್ಚಿದ್ದರೆ ಗತಿಯೇನು ಎಂದು ಕೇಳಬೇಕೆಂದಿದ್ದೆ. ಊಟವಾದರೂ ಮಾಡಲಿ ಎಂದು ಇನ್ನೊಂದು ಮುದ್ದೆ ಬಡಿಸಿದೆ.

ಇನ್ನು ದೊರೆಸಾನಿ ಒಳಗೆ ಹತ್ತುವುದು ಹೇಗೆ? ಇದೇ ಅವರ ನಿದ್ದೆ ಕೆಡಿಸಿದ್ದು. ಬಾಗಿಲಿಗೆ ಮೆಟ್ಟಿಲು ಬೇಡವೆಂದು ಉದ್ದನೆಯ ಹಲಗೆಗಳನ್ನು ಜೋಡಿಸಿ ಇಳಿಜಾರು ಮಾಡಿಸಿದರು. ಅದನ್ನು ಪರೀಕ್ಷಿಸಲು ನಾನೇ ಆಗಬೇಕಾಯಿತು. ನಿಮ್ಮ ಅಪ್ಪ ಆಗ ಹೊಟ್ಟೆಯಲ್ಲಿದ್ದ, ಏಳು ತಿಂಗಳು. “ನಿಂಗೂ ನಡಿಯಾಕೆ ಕಷ್ಟ, ಅವ್ರಿಗೂ ಕಷ್ಟ, ಸರಿಯಾಗೈತೆ” ಎಂದು ನನ್ನನ್ನು ಬಂಗಾರಪೇಟೆಗೆ ಕರೆದೊಯ್ದು ಆರು ಸಲ ಹತ್ತಿಸಿ ಇಳಿಸಿದರು. ಪ್ರತಿ ಸಲವೂ “ಮಂಡಿ ನೋಯ್ತಾ?” ಎಂದು ಕೇಳುವರು. ನೊಂದಿತು ಎಂದಾಗಲೆಲ್ಲ ಆಚಾರಿ ಹಲಗೆಗೆ ಒಂದು ಗೇಣು ಸೇರಿಸುವನು. ಕಡೆಗೆ ಹಲಗೆ ಬಸ್ಸಿನಷ್ಟೇ ಉದ್ದವಾದೀತೆಂದು ಹೆದರಿ ನೋವಿಲ್ಲ ಅಂದುಬಿಟ್ಟೆ.

ದೊರೆಗಳು ಬರುವ ದಿನ ಬೆಳಿಗ್ಗೆ ಗೃಹಪ್ರವೇಶ. ಗಾಲಿಯ ಮೇಲೆ ಓಡುವ ಮನೆಗೆ ಗೃಹಪ್ರವೇಶ ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಸಿಹಿ ಇತ್ತಲ್ಲ. ನಾನು ಹಾಲು ಉಕ್ಕಿಸಿದೆ. ಆಚಾರಿಯ ಹಸುವಿಗೆ ಹೂವು ಮುಡಿಸಿ ಒಳಗೆ ಕರೆದರು. ಅದು ಹಲಗೆಯ ಮೇಲೆ ಮಹಾರಾಣಿಯ ಹಾಗೆ ನಡೆದು ಹೋಗಿ ಮಂಚದ ಪಕ್ಕದಲ್ಲಿ ನಿಂತಿತು. ಆಮೇಲೆ ಇಳಿಯಲಿಲ್ಲ. ಒಳಗೆ ತಿರುಗಲು ಜಾಗವಿಲ್ಲ, ಹಿಮ್ಮುಖವಾಗಿ ನಡೆಯಲು ಅದಕ್ಕೆ ಇಷ್ಟವಿಲ್ಲ. ಹುಲ್ಲು ತೋರಿಸಿದರು, ಬೆಲ್ಲ ತೋರಿಸಿದರು, ಆಚಾರಿ ತೆಲುಗಿನಲ್ಲಿ ಬೇಡಿದ, ತಮಿಳಿನಲ್ಲಿ ಬೈದ.

“ಮೇಸ್ತ್ರಿ, ಟ್ರೈನ್ ಬರೋ ಒತ್ತಾತು.”

“ಹಸು ಒಳಗೈತಲ್ಲೋ?”

“ಅದಕ್ಕೇನು, ಟಿಕೆಟ್ ತಗೊಳ್ಳೋಣ. ನಡಿ ಮೊದ್ಲು.”

ಹೀಗೆ ದೊರೆಗಳನ್ನು ಎದುರುಗೊಳ್ಳಲು ಬಂಗಾರಪೇಟೆ ಸ್ಟೇಷನ್ನಿಗೆ ನಾವು ನಾಲ್ವರು ಹೋದೆವು: ತಾತ, ಆಚಾರಿ, ನಾನು, ಹಸು. ಜಟಕಾದವರೆಲ್ಲ ಬೈಯುತ್ತಿದ್ದರೂ ತಾತ ಬಸ್ಸನ್ನು ಪಶ್ಚಿಮಕ್ಕೆ ತಿರುಗಿಸಿಯೇ ನಿಲ್ಲಿಸಿದರು. ದೊರೆ ಬಂದರು. ಎರಡು ಊರುಗೋಲು ಹಿಡಿದು ಇಷ್ಟಿಷ್ಟೇ ಹೆಜ್ಜೆ ಇಡುತ್ತ ದೊರೆಸಾನಿಯೂ ಬಂದರು. ತಾತ ಬಾಗಿಲು ತೆರೆದು ಹಲಗೆ ಇಳಿಬಿಟ್ಟರು. ಎಂಜಿನ್ನಿನ ಸದ್ದಿಗೆ ರೋಸಿದ್ದ ಹಸು ಆಗ ತಾನಾಗಿಯೇ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಗಂಭೀರವಾಗಿ ಇಳಿದುಬಂತು.

ದೊರೆ ಟೋಪಿ ತೆಗೆದರು. ಅವರದು ಗಣಿಯಲ್ಲಿ ಕಲಿತ ಮುರುಕು ಕನ್ನಡ.

“ಮೇಸ್ತ್ರಿ, ಇವ್ರು ಕೂಡ ಕನ್ಯಾಕುಮಾರಿ ಬರ್ತಾರಾ?”

ಎಲ್ಲರೂ ನಕ್ಕರು. ಆದರೆ ದೊರೆಸಾನಿ ಹಲಗೆಯ ಬುಡಕ್ಕೆ ಬಂದು ನಿಂತಾಗ ಯಾರಿಗೂ ನಗು ಬರಲಿಲ್ಲ. ಅವರು ಬಂದ ರೈಲು ಇನ್ನೂ ಪ್ಲಾಟ್‌ಫಾರಮ್ಮಿನಲ್ಲೇ ಇತ್ತು. ಅವರು ಹಲಗೆಯನ್ನು ನೋಡಿದರು, ಗಂಡನನ್ನು ನೋಡಿದರು. ಒಂದು ಕೋಲು ಇಟ್ಟರು. ಒಂದು ಕಾಲು ಇಟ್ಟರು. ತಾತ ಹಿಡಿಯಲೂ ಹೋಗಲಿಲ್ಲ, ಉಸಿರೂ ಬಿಡಲಿಲ್ಲ. ಅರ್ಧದಲ್ಲಿ ನಿಂತು, ಕಣ್ಣು ಮುಚ್ಚಿ ತೆರೆದು, ಮತ್ತೆ ನಡೆದು, ಅವರು ಒಳಗೆ ಹೋದರು. ಮಂಚದ ಮೇಲೆ ಮಲಗಿದರು.

ನಾನು ಬಾಗಿಲಿನಿಂದ ಇಣುಕಿದೆ. ಮಂಚದ ಪಕ್ಕದಲ್ಲಿ ಬಸ್ಸಿನ ತಗಡು ಕೊಯ್ದು ಉದ್ದಕ್ಕೂ ಒಂದು ಕಿಟಕಿ ಮಾಡಿದ್ದರು, ದಿಂಬಿನ ಮಟ್ಟಕ್ಕೆ. ದೊರೆಸಾನಿ ಮಲಗಿದಲ್ಲಿಂದಲೇ ಹೊರಗೆ ನೋಡುತ್ತಿದ್ದರು. ಕಡಲೆಕಾಯಿ ಮಾರುವವಳು, ಜಟಕಾ ಕುದುರೆ, ಎಲ್ಲ ಅವರ ಕಣ್ಣಿನ ಎದುರಿಗೇ ಇದ್ದವು. ಅವರು ಏನೋ ಹೇಳಿದರು. ದೊರೆ ತಾತನಿಗೆ ತಿಳಿಸಿದರು: ಮಲಗಿಕೊಂಡ ದಿನದಿಂದ ಚಾವಣಿ ಬಿಟ್ಟು ಬೇರೆ ಏನೂ ನೋಡಿಲ್ಲ ಅಂತಾಳೆ. ನಿನಗೆ ಇದು ಹೇಗೆ ಹೊಳೆಯಿತು ಅಂತ ಕೇಳ್ತಾಳೆ.

“ಸುಮ್ಕೆ, ದೊರೆ” ಎಂದು ತಾತ ಬಾನೆಟ್ ತೆಗೆದು ತಲೆ ಒಳಗೆ ಹಾಕಿಬಿಟ್ಟರು.

ನಾನು ಬುತ್ತಿ ಕೊಡಲು ಹತ್ತಿರ ಹೋದೆ. ಅವರು ತಲೆ ಎತ್ತದೆ ಹೇಳಿದರು.

“ನಮ್ಮಮ್ಮ ಎರಡು ವರ್ಸ ಮಲಗೇ ಇದ್ಳು. ಓಗೋರ್ನ ಬರೋರ್ನ ನೋಡ್ಬೇಕು ಅಂತಿದ್ಳು. ಗಣಿಯೋರು ಕೊಟ್ಟಿರೋ ನಮ್ ಲೈನ್ ಮನೆ ಕಿಟಕಿ ನೋಡಿದೀಯಲ್ಲ, ನಿಂತ್ಕೊಂಡ್ರೂ ಕತ್ತಿಗೆ ಬತ್ತದೆ.”

ಆ ಅತ್ತೆಯನ್ನು ನಾನು ಕಂಡಿರಲಿಲ್ಲ. ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು.

“ಕಿಟಕಿ ತಗ್ಗಿಸ್ಕೊಡಿ ಅಂತ ದೊರೇನ ಕೇಳ್ಬೋದಿತ್ತಲ್ಲ?” ಅಂದೆ.

“ಕೇಳ್ಬೋದಿತ್ತು. ಒಳ್ಳೇರು, ಕೊಡೋರು. ದಿನಾ ಕೇಳೋಣ ಅಂತಾನೇ ಓಗ್ತಿದ್ದೆ. ‘ಏನ್ ಮೇಸ್ತ್ರಿ’ ಅನ್ನೋರು. ‘ಏನಿಲ್ಲ ದೊರೆ’ ಅಂದು ವಾಪಸ್ ಬತ್ತಿದ್ದೆ.”

ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತರು. ಬಸ್ಸು ಹೊರಟಿತು. ಎಷ್ಟು ನಿಧಾನವೆಂದರೆ, ಹಿಂದಿನಿಂದ ಬಂದ ಎತ್ತಿನ ಗಾಡಿಯೊಂದು ಅದನ್ನು ದಾಟಿಕೊಂಡು ಹೋಯಿತು. ಗಾಡಿಯವನು ತಿರುಗಿ ತಿರುಗಿ ನೋಡಿ ನಗುತ್ತಿದ್ದ. ಕಿಟಕಿಯಿಂದ ದೊರೆಸಾನಿ ಅವನಿಗೆ ಕೈ ಬೀಸುತ್ತಿದ್ದರು. ತಾತ ಅವಸರ ಮಾಡಲಿಲ್ಲ.