ಕೋರ್ಟಿಗೆ ಹೆಸರಿಟ್ಟ ಭಾನುವಾರ

ಪಂದ್ಯ ಗಿಂದ್ಯ ಬೇಡ, ಹೆಸರಿಟ್ಟು ಮುಗಿಸಿಬಿಡಿ ಎಂದು ಎವರಿಸ್ತೋ ಬಾನ್ಯಾಸ್ಕೋ ವಾರದಿಂದ ಬಡಿದುಕೊಂಡಿದ್ದ. ಕ್ಲಬ್ಬಿನ ಅಧ್ಯಕ್ಷೆ ದೋನ್ಯ ನೆಲಿದಾ ಕೇಳಬೇಕಲ್ಲ.

"ಒಂದೇ ಒಂದು ಸೆಟ್ ಆಡಿ. ಬರೀ ಭಾಷಣ ಕೇಳೋಕೆ ಯಾರು ಬರ್ತಾರೆ?"

ಅರ್ಜೆಂಟೀನಾದ ಆ ಪುಟ್ಟ ಊರಿನಿಂದ ಹೊರಟು ಇಪ್ಪತ್ತು ವರ್ಷ ದೇಶದೇಶ ಸುತ್ತಿ ಟೆನಿಸ್ ಆಡಿದವನು ಎವರಿಸ್ತೋ ಒಬ್ಬನೇ. ಆಡಿದ್ದೇನು, ಬಂದ ಚೆಂಡನ್ನು ಎತ್ತರಕ್ಕೆ ಎತ್ತಿ ವಾಪಸ್ ಕಳಿಸಿದ್ದು. ಎದುರಿನವನು ಬೇಸತ್ತು ತಪ್ಪು ಮಾಡುವವರೆಗೆ ಕಳಿಸುತ್ತಲೇ ಇರುವುದು. ಸ್ವೀಡನ್ನಿನವನೊಬ್ಬ ಇವನೊಡನೆ ಐದು ಗಂಟೆ ಆಡಿ, ಗೆದ್ದು, ಮಾರನೆಯ ದಿನ ಟೆನಿಸ್ಸನ್ನೇ ಬಿಟ್ಟಿದ್ದ. ಇಷ್ಟೆಲ್ಲ ಆಡಿಯೂ ಬಹುಮಾನದ ಒಂದು ಕಪ್ಪೂ ಬರಲಿಲ್ಲ. ಮನೆಯ ಗಾಜಿನ ಬೀರುವಿನಲ್ಲಿ ಹೆಂಡತಿ ಒಫೆಲಿಯಾಳ ಪಿಂಗಾಣಿ ತಟ್ಟೆಗಳೇ ತುಂಬಿದ್ದವು. ಆದ್ದರಿಂದ ಒಂದನೇ ಕೋರ್ಟಿಗೆ ತನ್ನ ಹೆಸರು ಬರಬೇಕೆಂಬ ಆಸೆ ಅವನಿಗೆ ಹೊಟ್ಟೆ ಹಸಿವಿನಂತೆ ಹತ್ತಿತ್ತು. ಅದೂ ಇವತ್ತೇ ಆಗಬೇಕು. ನಾಳೆ ಬರುವ ಹೊಸ ಕಮಿಟಿ ಯಾರೋ ಚಿಗುರುಮೀಸೆಯವನ ಹೆಸರು ಹಿಡಿದು ಕೂತಿತ್ತು.

ಪದ್ಧತಿಯಂತೆ ಕೋರ್ಟಿನ ಹೆಸರಿನ ಹಲಗೆ ಖಾಲಿ ಇತ್ತು. ಮೇಯರ್ ತಾವೇ ಕುಂಚ ಹಿಡಿದು ಹೆಸರು ಬರೆಯಬೇಕು. ಒಂದು ಗಂಟೆಗೆ ಅವರು ಅತ್ತೆ ಮನೆಯ ರವಿಯೋಲಿ ಕಡುಬಿನ ಊಟಕ್ಕೆ ಹೊರಡುತ್ತಾರೆ. ಆಮೇಲೆ ನಾಲ್ಕರವರೆಗೆ ಊರಿಗೆ ಊರೇ ಮಲಗುತ್ತದೆ.

ಹನ್ನೊಂದಕ್ಕೆ ಆಟ ಶುರುವಾಯಿತು. ಎದುರಾಳಿ ಹಲ್ಲಿನ ಡಾಕ್ಟರ್ ಪೆರಾಲ್ಟಾ, ಎವರಿಸ್ತೋನ ಹತ್ತಿರವೇ ಟೆನಿಸ್ ಕಲಿತವರು. ಗುರು ಕಲಿಸಿದ್ದು ಒಂದೇ ವಿದ್ಯೆ, ಶಿಷ್ಯ ಕಲಿತದ್ದೂ ಅದೇ. ಇವನು ಮೋಡದೆತ್ತರಕ್ಕೆ ಎತ್ತಿದ. ಅವರೂ ಎತ್ತಿದರು. ಮೇಯರ್ ಮೂರನೇ ಗೇಮಿಗೆ ನಿದ್ದೆ ಹೋದರು.

ಹನ್ನೆರಡೂವರೆಗೆ ಬೇಲಿಯಾಚೆಯಿಂದ ಹೆಂಗಸರ ದನಿ ಏರತೊಡಗಿತು.

"ಒಲೆ ಮೇಲಿನ ನೀರು ಮೂರು ಸಲ ಕುದ್ದು ಮೂರು ಸಲ ಆರ್ತು. ಮುಗಿಸ್ತೀರೋ ಇಲ್ವೋ?"

"ಅವ್ನಿಗೆ ಮುಗ್ಸೋದು ಗೊತ್ತಿದ್ರೆ ತಾನೆ," ಅಂದಳು ಒಫೆಲಿಯಾ. "ಮದುವೆ ದಿನ ಚರ್ಚಿಗೂ ಲೇಟಾಗಿ ಬಂದಿದ್ದ."

ಎವರಿಸ್ತೋಗೆ ಮೈಯೆಲ್ಲ ಉರಿಯಿತು. ಜೀವಮಾನದಲ್ಲಿ ಮೊದಲ ಬಾರಿ ನೆಟ್ಟಿನ ಹತ್ತಿರ ನುಗ್ಗಿದ. ಚೆಂಡು ತಲೆಯ ಮೇಲಿಂದ ಹಾದು ಹಿಂದೆ ಬಿತ್ತು. ಹಾಗೆ ಎತ್ತುವುದನ್ನು ಕಲಿಸಿದವನೂ ಅವನೇ.

ಒಂದಕ್ಕೆ ಹತ್ತು ನಿಮಿಷವಿತ್ತು. ಡಾಕ್ಟರು ಐದು-ನಾಲ್ಕರಿಂದ ಮುಂದಿದ್ದರು. ಗೆಲ್ಲಬೇಕಾದರೆ ಇನ್ನೂ ಮೂರು ಗೇಮು, ಸೋಲುವುದಾದರೆ ನಾಲ್ಕೇ ಪಾಯಿಂಟು. ಸೋತರೆ ಏನಂತೆ, ಹೆಸರು ಹೇಗೂ ತನ್ನದೇ. ಎವರಿಸ್ತೋ ಬೇಕೆಂದೇ ಚೆಂಡನ್ನು ಗೆರೆಯಾಚೆ ಹೊಡೆದ.

ಡಾಕ್ಟರು ಕೆಂಪು ಮಣ್ಣಿನ ಮೇಲೆ ಬಗ್ಗಿ ಚೆಂಡಿನ ಗುರುತು ನೋಡಿದರು. ಆಮೇಲೆ ಅದನ್ನು ಬೂಟಿನಿಂದ ಅಳಿಸಿಬಿಟ್ಟರು.

"ಗೆರೆಗೆ ತಾಗಿದ ಹಾಗಿದೆ ಗುರುಗಳೇ. ಈ ಪಾಯಿಂಟು ಮತ್ತೆ ಆಡೋಣ."

"ಒಂದಡಿ ಆಚೆ ಬಿತ್ತು ಕಣ್ರೀ ಡಾಕ್ಟ್ರೇ."

"ನಿಮ್ಮ ಚೆಂಡು ಆಚೆ ಬೀಳುತ್ತಾ? ಯಾರಿಗೆ ಹೇಳ್ತೀರಿ."

ಮತ್ತೆ ಆಚೆ ಹೊಡೆದ. ಮತ್ತೆ ಬಗ್ಗಿದರು, ಅಳಿಸಿದರು. ಈ ಮಹಾನುಭಾವನ ಭಕ್ತಿಯೇ ತನ್ನ ಕತ್ತು ಹಿಸುಕುತ್ತಿದೆ ಎಂದು ಎವರಿಸ್ತೋ ಹಲ್ಲು ಕಡಿದ. ಕೊನೆಗೆ ಉಪಾಯ ಹೊಳೆಯಿತು. ನೆಟ್ಟಿಗೆ ಹೊಡೆದರೆ ಮಣ್ಣಿನಲ್ಲಿ ಗುರುತು ಎಲ್ಲಿಂದ ಬರಬೇಕು? ಸಾಲಾಗಿ ನಾಲ್ಕು ಚೆಂಡನ್ನೂ ನೆಟ್ಟಿಗೆ ಬಡಿದ.

ಸೆಟ್ ಮುಗಿಯಿತು. ಹಸಿದ ಜನ ಒಮ್ಮೆಗೇ ಎದ್ದು ತಮ್ಮನ್ನು ಬಿಡಿಸಿದ ಪುಣ್ಯಾತ್ಮನಿಗೆ ಜೈಕಾರ ಹಾಕಿದರು. "ಪೆರಾಲ್ಟಾ, ಪೆರಾಲ್ಟಾ" ಎಂಬ ಕೂಗಿಗೆ ಮೇಯರ್ ಬೆಚ್ಚಿ ಎದ್ದರು. ಗಡಿಯಾರ ನೋಡಿದರು, ಅತ್ತೆಯ ಮುಖ ನೆನಪಾಯಿತು. ಕುಂಚ ಅದ್ದಿ, ನಿದ್ದೆಗಣ್ಣಿನಲ್ಲಿ ಕೇಳಿದ ಹೆಸರನ್ನೇ ಹಿಡಿದು ಹಲಗೆಯ ಮೇಲೆ ದೊಡ್ಡದಾಗಿ 'ಡಾಕ್ಟರ್ ಪೆರಾಲ್ಟಾ ಕೋರ್ಟ್' ಎಂದು ಬರೆದು, ಎಲ್ಲರಿಗೂ ಕೈಮುಗಿದು, ಕಾರು ಹತ್ತಿದರು.

ಎವರಿಸ್ತೋ ಅಧ್ಯಕ್ಷೆಯ ಹತ್ತಿರ ಓಡಿದ. "ಇದೇನು ದೋನ್ಯ ನೆಲಿದಾ? ಅಳಿಸಿ ಅದನ್ನ."

"ಮೇಯರ್ ಬರೆದಿದ್ದನ್ನ ನಾನು ಅಳಿಸ್ಲಾ? ಒಳ್ಳೆ ಕತೆ."

"ನಾನು ಬೇಕಂತಲೇ ಸೋತೆ ಕಣ್ರೀ."

ಡಾಕ್ಟರ ಮುಖ ಸಪ್ಪಗಾಯಿತು. "ಹಾಗನ್ಬೇಡಿ ಗುರುಗಳೇ. ಎರಡು ಚೆಂಡು ಗೆರೆ ಮೇಲೇ ಬಿದ್ದಿದ್ದನ್ನ ಈ ಕಣ್ಣಾರೆ ನೋಡಿದ್ದೀನಿ. ಬೇಕಂತ ಸೋಲೋರು ಹಾಗೆ ಹೊಡೀತಾರಾ? ಸೋಲನ್ನ ದೊಡ್ಡ ಮನಸ್ಸಿಂದ ಒಪ್ಕೋಬೇಕು."

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಎವರಿಸ್ತೋಗೆ ನಿಜಕ್ಕೂ ಅಳು ಬಂತು. ಅದನ್ನು ಕಂಡು ದೋನ್ಯ ನೆಲಿದಾ ಕರಗಿದರು. ಕಮಿಟಿಯವರನ್ನು ಪಕ್ಕಕ್ಕೆ ಕರೆದು ಒಂದು ಮಾತಾಡಿ ಬಂದರು.

"ನಿಮ್ಮನ್ನ ಮರೀತೀವಾ? ಕೋರ್ಟಿನ ಹಿಂದೆ ಮಕ್ಕಳು ಒಬ್ಬೊಬ್ಬರೇ ಚೆಂಡು ಹೊಡೆದು ಕಲಿಯೋ ಗೋಡೆ ಇದೆಯಲ್ಲ, ಎಷ್ಟು ಹೊಡೆದ್ರೂ ವಾಪಸ್ ಕೊಡುತ್ತೆ. ಅದಕ್ಕೆ ನಿಮ್ಮ ಹೆಸರಿಡೋಣ. ಕಮಿಟಿಯೋರು ಎಲ್ರೂ ಈಗಷ್ಟೇ ಒಪ್ಪಿ ಕೈ ಎತ್ತಿದ್ರು. ಒಬ್ಬರಾದ್ರೂ ಬೇಡ ಅನ್ಲಿಲ್ಲ ನೋಡಿ."