ತಗ್ಗು ಹುಡುಕಲು ಹೋಗಿ

ಮಾತು ಬೆಳೆಯಬಾರದೆಂದು ಕೇಳಿದ್ದಕ್ಕೆಲ್ಲ ‘ಹ್ಞೂಂ’ ಅನ್ನುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ‘ಅಲ್ಲ’ ಅಂದರೆ ಮತ್ತೆ ಯಾರು, ಏನು, ಯಾಕೆ ಎಂದು ವಿವರಿಸಬೇಕು. ಒಮ್ಮೆ ಯಲಬುರ್ಗಾ ಬಸ್ಸಿನಲ್ಲಿ ಅಜ್ಜಿಯೊಬ್ಬರು, "ನೀ ಶಾಂತವ್ವನ ಮಗಳಲ್ಲೇನ?" ಎಂದರು. ಹ್ಞೂಂ ಅಂದೆ. ಊರು ಬರುವವರೆಗೆ, ನಾನು ಕಂಡೇ ಇರದ ಶಾಂತವ್ವನ ಪರವಾಗಿ ಬೈಸಿಕೊಂಡೆ. ಇಳಿಯುವಾಗ "ಅವ್ವಗ ಹೇಳ್ತೀನ್ರಿ" ಎಂದು ಮಾತನ್ನೂ ಕೊಟ್ಟು ಬಂದೆ. ಅಷ್ಟಾದರೂ ಬುದ್ಧಿ ಬರಲಿಲ್ಲ.

ಕುಷ್ಟಗಿಯ ಕಾಲೇಜೊಂದರಲ್ಲಿ ಭೂಗೋಳ ಹೇಳುವ ನನಗೆ ಯಾರಿಗೂ ಹೇಳದ ಒಂದು ಹುಚ್ಚಿದೆ: ಜಿಯೋಕ್ಯಾಶಿಂಗ್. ಯಾರೋ ಒಂದು ಪುಟ್ಟ ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ನಾವು ಮೊಬೈಲು ಹಿಡಿದು ಹೋಗಿ ಅದನ್ನು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಬಂದದ್ದೇನು ಎಂದು ಕೇಳಬಾರದು, ಏನೂ ಬರುವುದಿಲ್ಲ. ಹೊರಗಿನವರಿಗೆ ಸುಳಿವು ಕೊಡಬಾರದೆಂಬ ನಿಯಮವಂತೂ ನನಗಾಗಿಯೇ ಮಾಡಿದಂತಿದೆ. ಇದರಲ್ಲಿ ಸವಾಲುಗಳೂ ಇರುತ್ತವೆ. ನಾನು ಹಿಡಿದದ್ದು ತಗ್ಗಿನ ಸವಾಲು: ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಕೆಳಗಿರುವ ಹತ್ತು ಡಬ್ಬಿಗಳನ್ನು ಹುಡುಕಬೇಕು. ಜನ ಮೇಲೇರಿ ಹೆಸರು ಮಾಡುತ್ತಾರೆ, ನಾನು ಕೆಳಗಿಳಿದು ಮಾಡಹೊರಟೆ. ನಮ್ಮ ಕುಷ್ಟಗಿಯೋ ಎತ್ತರದ ಊರು. ಹೀಗಾಗಿ ರವಿವಾರ ಬಂತೆಂದರೆ ಹೊಳೆಯ ಕಡೆ ಬಸ್ಸು. ಆನೆಗೊಂದಿಯ ಬಂಡೆಗಳ ಸಂದಿಯಲ್ಲಿ, ಬಾಳೆತೋಟಗಳ ಅಂಚಿನಲ್ಲಿ ಒಂಬತ್ತು ಮುಗಿಸಿದೆ.

ಹತ್ತನೆಯದು ಗಂಗಾವತಿ ಹತ್ತಿರದ ಹೇಮಗುಡ್ಡದ ಕೆಳಗೆ, ಕಾಲುವೆ ನೀರು ಹತ್ತದ ಒಂದು ಹೊಲದ ಒಡ್ಡಿನಲ್ಲಿತ್ತು. ಡಬ್ಬಿ ಬೇಗ ಸಿಕ್ಕಿತು. ಹೆಸರು ಬರೆದು ಹೊರಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಎತ್ತರವನ್ನು ನಾನೇ ಅಳೆದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಸಿಗ್ನಲ್ ಸರಿಯಾಗಿ ಸಿಗಲೆಂದು ಒಡ್ಡಿನ ಬೇವಿನ ನೆರಳು ಬಿಟ್ಟು ಹೊಲದೊಳಗೆ ಬಂದು, ನಿಂತ ಜಾಗದಲ್ಲಿ ಗುರುತಿಗೊಂದು ಕಲ್ಲಿಟ್ಟು, ಅತ್ತ ಹೋಗಿ ಇತ್ತ ಬಂದು ಅದೇ ಜಾಗದಲ್ಲಿ ಮೊಬೈಲಿನಿಂದ ಮೂರು ಸಲ ಅಳೆದೆ. ನಾನೂರ ತೊಂಬತ್ತೆಂಟು! ತಲೆಯೆತ್ತಿದರೆ ಹೊಲದ ಯಜಮಾನ ಹನುಮಂತಪ್ಪ ಕೈಕಟ್ಟಿ ನಿಂತಿದ್ದ.

"ನೀರಿನ ಪಾಯಿಂಟ್ ನೋಡಾಕತ್ತೀರೇನ್ರಿ ಮೇಡಂ?"

"ಹ್ಞೂಂ," ಅಂದೆ.

"ಕಲ್ಲು ಇಟ್ಟೀರಲ್ಲ, ಇಲ್ಲೇ ಏನ್ರಿ?"

"ಹ್ಞೂಂ."

"ಭಾಳ ಛಲೋ ಆತು ನೋಡ್ರಿ. ಬರೋ ಐತವಾರ ಬೋರಿನ ಗಾಡಿ ಬರತೈತಿ. ಇಲ್ಲೇ ಹೊಡಸ್ತೀನಿ!"

ಆಗಲಾದರೂ ಬಾಯಿ ಬಿಡಬೇಕಿತ್ತು. ನಮಸ್ಕಾರ ಮಾಡಿ ಬಂದುಬಿಟ್ಟೆ.

ಬುಧವಾರ ಅಂತರ್ಜಲದ ಪಾಠ ಮಾಡುತ್ತಿದ್ದಾಗ ನನ್ನ ಗಂಟಲೇ ಒಣಗಿತು. ನನ್ನ ಎರಡು ಹ್ಞೂಂಗಳನ್ನು ನಂಬಿ ಒಬ್ಬ ಮನುಷ್ಯ ನೆಲ ಕೊರೆಸಲಿದ್ದಾನೆ! ಅವನ ಫೋನ್ ನಂಬರೂ ನನ್ನಲ್ಲಿಲ್ಲ. ರವಿವಾರ ಮೊದಲ ಬಸ್ಸಿಗೆ ಗಂಗಾವತಿಗೆ ಹೊರಟೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿದೆ. ಎದುರಿಗೆ ಬೋರಿನ ಲಾರಿ ಕಂಡಾಗಲೆಲ್ಲ ಮರೆತೆ. ಆಟೊ ಇಳಿಯುವಾಗಲೇ ಯಂತ್ರದ ಸದ್ದು ಕೇಳಿಸಿತು. ಓಡಿದೆ. ಯಂತ್ರ ನಿಂತಿದ್ದು ಹೊಲದ ಇನ್ನೊಂದು ಮೂಲೆಯಲ್ಲಿ! ನನ್ನ ಕಲ್ಲಿನ ಹತ್ತಿರ ಒಂದು ಆಡು ಮೇಯುತ್ತಿತ್ತು. ಅಷ್ಟು ಸುಂದರವಾದ ಆಡನ್ನು ನಾನು ಎಂದೂ ನೋಡಿರಲಿಲ್ಲ.

ಬೇವಿನ ಕೆಳಗೆ ಹನುಮಂತಪ್ಪನ ಹೆಂಡತಿ ದ್ಯಾಮವ್ವ ಕೂತಿದ್ದಳು. ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಕೇಳುವ ಮೊದಲೇ ಹೇಳತೊಡಗಿದಳು: "ಯಾರೋ ಮೇಡಂ ಬಂದು ಪಾಯಿಂಟ್ ಕೊಟ್ಟಾರಂತ ನಮ್ಮನಿಯವರು ಕುಣ್ಯಾಕತ್ತಿದ್ರವಾ. ಅಂಗೈಯಾಗ ತೆಂಗಿನಕಾಯಿ ಇಟ್ಕೊಂಡಿದ್ಲೇನು ಅಂದೆ. ಇಲ್ಲ, ಮೊಬೈಲ್ ಹಿಡಿದಿದ್ಲು ಅಂದ್ರು. ಹಂಗಾರ ಆಕಿ ರೀಲ್ಸ್ ಮಾಡಾಕ ಬಂದಿರಬೇಕು ಬಿಡ್ರಿ ಅಂದು, ನಮ್ಮ ತವರಮನಿ ಕಡಿ ಕಾಯಿ ಹಿಡಿದು ನೀರು ನೋಡೋ ಮುತ್ಯಾನ್ನ ಕರಿಸಿದೆ."

ಅಷ್ಟರಲ್ಲಿ ಹನುಮಂತಪ್ಪ ಬಂದು, "ಏ, ಇವ್ರ ನೋಡು ಆ ಮೇಡಂ!" ಎಂದ. ದ್ಯಾಮವ್ವ ನಾಲಿಗೆ ಕಚ್ಚಿಕೊಂಡಳು. ನಾನು ಮೊದಲ ಬಾರಿಗೆ ‘ಅಲ್ಲ’ ಅಂದೆ: "ಅಲ್ರಿ, ಅಕ್ಕಾರು ಹೇಳಿದ್ದ ಖರೆ. ನನಗ ನೀರು ನೋಡಾಕ ಬರಂಗಿಲ್ಲ. ತಪ್ಪಾತು." ನಿಯಮ ಮುರಿದು ಒಡ್ಡಿನ ಡಬ್ಬಿ ತೆಗೆದು ತೋರಿಸಿದೆ. ಹನುಮಂತಪ್ಪ ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಇಷ್ಟು ಮಂದಿ ನನ್ನ ಹೊಲಕ್ಕ ಬಂದು ಹೆಸರು ಬರದಾರ, ಒಬ್ಬರಿಗೂ ನೀರು ನೋಡಾಕ ಬರಂಗಿಲ್ಲೇನ್ರಿ?" ಎಂದು ನಿಟ್ಟುಸಿರಿಟ್ಟ.

ಮಧ್ಯಾಹ್ನದ ಹೊತ್ತಿಗೆ ಬೂದಿಯಂಥ ಧೂಳು ಕೆಸರಾಯಿತು, ಕೆಸರು ನೀರಾಯಿತು. ದ್ಯಾಮವ್ವ ನನ್ನ ಕೈಗೂ ಒಂದು ಲೋಟ ಮಜ್ಜಿಗೆ ಕೊಟ್ಟಳು. ಎದೆಯ ಮೇಲಿನ ಚಪ್ಪಡಿ ಸರಿದಂತಾಗಿ ಒಂದೇ ಗುಟುಕಿಗೆ ಕುಡಿದೆ. ಎಲ್ಲರೂ ಮುತ್ಯಾನನ್ನು ಹೊಗಳುತ್ತಿದ್ದಾಗ, ಸುಮ್ಮನಿರಲಾರದೆ ಮೊಬೈಲು ತೆಗೆದು ಆ ಮೂಲೆಯ ಎತ್ತರ ನೋಡಿದೆ. ಐನೂರೆರಡು. ನನ್ನ ಕಲ್ಲಿದ್ದ ಜಾಗಕ್ಕಿಂತ ನಾಲ್ಕು ಮೀಟರ್ ಮೇಲೆ! ನಾನು ಹೇಳಿದಲ್ಲೇ ಹೊಡೆಸಿದ್ದರೆ ನೀರು ಇನ್ನೂ ಬೇಗ ಸಿಗುತ್ತಿತ್ತೇನೋ ಎಂಬ ಸಣ್ಣ ಸಂಕಟ, ಇಂಥ ದೊಡ್ಡ ಸಮಾಧಾನದ ನಡುವೆಯೂ, ಕುಷ್ಟಗಿ ಬರುವವರೆಗೆ ನನ್ನನ್ನು ಬಿಡಲಿಲ್ಲ.