ಮಾಮಾ ನಾಪಾಸು ಮಾಡಿದ ಚಾಕುಗಳು

ನಮ್ಮ ಸೋದರಮಾವನ ಜುಬ್ಬಾದ ಜೇಬಿನಲ್ಲಿ ಯಾವತ್ತೂ ಮೂರು ಚಾಕುಗಳಿರುತ್ತವೆ ಎಂದ ಕೂಡಲೇ ನೀವು ತಪ್ಪು ತಿಳಿಯಬೇಡಿ. ಅವರು ಇರುವೆ ಸಾಲು ಕಂಡರೂ ದಾಟಿಕೊಂಡು ಹೋಗುವ ಮನುಷ್ಯ. ಅವರಿಂದ ಇದುವರೆಗೆ ಗಾಯಗೊಂಡವರೆಂದರೆ ಚಾಕು ತಯಾರಿಸುವ ಕಾರ್ಖಾನೆಯವರು ಮಾತ್ರ, ಅದೂ ಬರೀ ಮಾತಿನಿಂದ! ಮಡಚುವ ಚಾಕು ಒಂದನ್ನು ಅವರ ಮುಂದೆ ಇಟ್ಟು ನೋಡಿ. ಎರಡೇ ನಿಮಿಷದಲ್ಲಿ ಅದರ ಜನ್ಮ ಜಾಲಾಡಿ "ನಾಪಾಸು" ಎಂದು ಬದಿಗೆ ಸರಿಸುತ್ತಾರೆ.

ತಪ್ಪು ಹುಡುಕುವುದು ಅವರಿಗೆ ಚಟವಲ್ಲ, ಕಸುಬು. ದೇವದುರ್ಗ, ಮಾನ್ವಿ, ರಾಯಚೂರು ಎಂದು ಮೂವತ್ತು ವರ್ಷ ಅಂಗಡಿಕಾರರ ತಕ್ಕಡಿ, ತೂಕದ ಕಲ್ಲು ತಪಾಸಣೆ ಮಾಡಿ ನಿವೃತ್ತರಾದವರು. ಅವರು ಸಂತೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ಮನೆಯಲ್ಲಿ ಮಾತ್ರ ಅವರ ತಪಾಸಣೆ ನಡೆಯುತ್ತಿರಲಿಲ್ಲ. ಅಲ್ಲಿ ನಮ್ಮ ಅತ್ತೆ, ಅಂದರೆ ಅವರ ಹೆಂಡತಿ, ಇದ್ದಳು. ಇವರು ಸಾರಿನಲ್ಲಿ ಒಂದು ತಪ್ಪು ತೋರಿಸಿದರೆ ಅವಳು ಇವರಲ್ಲಿ ಹತ್ತು ತೋರಿಸುತ್ತಿದ್ದಳು. ಇಬ್ಬರ ಜಗಳ ಮುಂಜಾನೆಯ ಚಹಾಕ್ಕೆ ಶುರುವಾಗಿ, ಊಟಕ್ಕೆ ಸ್ವಲ್ಪ ಬಿಡುವು ಕೊಟ್ಟು, ಮತ್ತೆ ಸಂಜೆಗೆ ಕುದಿಯುತ್ತಿತ್ತು. ಬೇಸಿಗೆ ರಜೆಯಲ್ಲಿ ನಾವು ದೇವದುರ್ಗಕ್ಕೆ ಹೋಗುತ್ತಿದ್ದದ್ದೇ ಅದನ್ನು ಕೇಳಲು.

ಅತ್ತೆಯ ಎಲೆಯಡಿಕೆ ಸಂಚಿಯಲ್ಲಿ ಒಂದು ಹಳೆಯ ಮಡಚುವ ಚಾಕು ಇರುತ್ತಿತ್ತು. ರಾಯಚೂರಿನ ಬಸ್ಸು ಗಬ್ಬೂರು ಮುಟ್ಟುವುದರೊಳಗೆ ಅವಳು ಸಂಚಿ ಬಿಚ್ಚಿ, ಪೇರಲವೋ ಸೌತೆಯೋ ಹೆಚ್ಚಿ, ಉಪ್ಪು ಖಾರ ಸವರಿ, ಹಿಂದಿನ ಮುಂದಿನ ಸೀಟಿನವರಿಗೆಲ್ಲ ಹಂಚುತ್ತಿದ್ದಳು. ಕಂಡಕ್ಟರನಿಗೆ ಎರಡು ಹೋಳು. ಆದರೆ ಒಂದು ಕಟ್ಟಳೆ: ಉಪ್ಪು, ಖಾರ, ಚಾಕು ಇವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಮ್ಮ ಕಡೆ ಮನೆಮನೆಯಲ್ಲೂ ಇರುವ ಮಾತೇ ಇದು. ಆದರೆ ದಿನಕ್ಕೆ ನಾಲ್ಕು ಸಲ ಜಗಳಾಡುವ ಈ ಗಂಡ ಹೆಂಡತಿ ಈ ಮುನ್ನೆಚ್ಚರಿಕೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ! ತಪ್ಪಿಸಿದ್ದರೆ ಎಂಟು ಸಲ ಆಗುತ್ತಿತ್ತೋ ಏನೋ.

ಹೋದ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ದೇವರ ದಯೆ, ಕಾಲು ತಿರುಗಿ ಬಂತು, ಮಾತೂ ತಿರುಗಿ ಬಂತು. ಬಲಗೈ ಮಾತ್ರ ಬರಲಿಲ್ಲ. ಬಂದ ಮಾತನ್ನಾದರೂ ಆಡಿದಳೇ? "ಹೂಂ", "ಬ್ಯಾಡ", ಅಷ್ಟಕ್ಕೇ ಮುಗಿಸುತ್ತಿದ್ದಳು. ಎಡಗೈಗೆ ಕೆಲಸ ಕೊಡಿ ಎಂದು ಡಾಕ್ಟರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಪಕ್ಕದ ಮನೆಯ ನಾಯಿಗೆ ಎಸೆದಳು. ಸಂಚಿ ಗೂಟಕ್ಕೆ ತೂಗುಬಿದ್ದಿತು. ಆ ಮನೆಯಲ್ಲಿ ಜಗಳ ನಿಂತುಹೋಯಿತು.

ಆಗ ಮಾಮಾ ರಾಯಚೂರಿಗೆ ನಮ್ಮ ಮನೆಗೆ ಬಂದರು. ಚಹಾ ಕುಡಿಯುವುದಕ್ಕೂ ಮೊದಲೇ ವಿಷಯಕ್ಕೆ ಬಂದರು.

"ತಮ್ಮಾ, ಎಡಗೈ ಒಂದರಿಂದನ ತಗದು ಮುಚ್ಚೋ ಅಂಥಾ ಚಾಕು ಬೇಕಾಗ್ಯಾದ. ಅಕಿಗೆ ಚೆಂಡು ಬ್ಯಾಡ. ಚಾಕು ಬ್ಯಾಡ ಅನ್ನಂಗಿಲ್ಲ."

ಅಡುಗೆಮನೆಯ ಈಳಿಗೆ ಇದೆಯಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಈಳಿಗೆ ಸಂಚಿಯಲ್ಲಿ ಹಿಡಿಸುತ್ತದೇನು ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು. ನನ್ನ ಹೆಂಡತಿಗೆ ಬೇರೆಯೇ ಚಿಂತೆ. ಒಂದೇ ಕೈಯಲ್ಲಿ ಹಣ್ಣು ಹಿಡಿಯುವುದು ಹೇಗೆ, ಹೆಚ್ಚುವುದು ಹೇಗೆ? ಹಣ್ಣು ನಾನು ಹಿಡಿಯುತ್ತೇನೆ ಎಂದರು ಮಾಮಾ. ಮತ್ತೆ ನಿಮ್ಮ ಬೆರಳು ಎಂದಳು ಅವಳು.

"ಹತ್ತು ಅದಾವಲ್ಲ, ಯವ್ವಾ."

ಮರುದಿನ ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಗೆ ಹೋದೆವು. ಮಾಮಾ ಹೊಸ್ತಿಲಲ್ಲೇ ಬಲಗೈಯನ್ನು ಜುಬ್ಬಾದೊಳಗೆ ಎಳೆದುಕೊಂಡರು. ಎಡಗೈಯ ಚಾಕುವನ್ನು ಎಡಗೈಯಿಂದಲೇ ತಪಾಸಣೆ ಮಾಡಬೇಕಲ್ಲ! ಖಾಲಿ ತೋಳು ಜೋತಾಡುವುದನ್ನು ಕಂಡ ಅಂಗಡಿಯವನು ಮರುಗಿ, ಸ್ಟೂಲು ಹಾಕಿ, ಫ್ಯಾನು ತಿರುಗಿಸಿ, ಚಹಾಕ್ಕೂ ಹೇಳಿ ಕಳಿಸಿದ.

ಮೊದಲ ಚಾಕುವಿನ ಅಲಗಿನ ಮೇಲೆ ಉಗುರು ಸಿಕ್ಕಿಸಿ ಎಳೆಯಲು ಒಂದು ಗೀರು ಇತ್ತು. ಗೀರೋ, ಸೋನಾ ಮಸೂರಿ ಅಕ್ಕಿಕಾಳೂ ಕೂರದಷ್ಟು ಸಣ್ಣದು. ಒಳಗಿನ ಸ್ಪ್ರಿಂಗು ಮಾತ್ರ ಟ್ರ್ಯಾಕ್ಟರಿನದು! ಚಾಕು ತೆರೆಯಲಿಲ್ಲ, ಮಾಮಾನ ಉಗುರು ತೆರೆಯಿತು. ನಾಪಾಸು. ಎರಡನೆಯದಕ್ಕೆ ಹೆಬ್ಬೆರಳಿನಿಂದ ತಳ್ಳಲು ಒಂದು ಗುಬ್ಬಿ ಇತ್ತು, ಆದರೆ ಒಂದೇ ಬದಿಗೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಈ ಕಡೆ, ಗುಬ್ಬಿ ಆ ಕಡೆ. ಹೇಗೋ ತೆರೆದರೂ ಸೌತೆಕಾಯಿಯ ನಡುವೆ ಆ ಗುಬ್ಬಿಯೇ ಸಿಕ್ಕಿಕೊಂಡು ನಿಲ್ಲುತ್ತದೆ. ನಾಪಾಸು. ಮೂರನೆಯದು ಸಲೀಸಾಗಿ ತೆರೆಯಿತು, ಮುಚ್ಚಲೊಲ್ಲದು. ಮುಚ್ಚಬೇಕೆಂದರೆ ಹಿಡಿಯೊಳಗಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅಲಗನ್ನು ಅದೇ ಬೆರಳಿನ ಮೇಲೆ ತರಬೇಕು. ಚೌಕಟ್ಟಿನಲ್ಲಿ ಕೈ ಇಟ್ಟು ಬಾಗಿಲು ಮುಚ್ಚಿಕೋ ಎಂದ ಹಾಗೆ! ಫಾರಿನ್ ಡಿಸೈನು ಸಾರ್ ಎಂದು ಅಂಗಡಿಯವನು ಸಮರ್ಥಿಸಿಕೊಂಡ.

"ಇದನ್ನ ಮಾಡಿದಾಂವ ಒಂದು ದಿನನೂ ಸೌತಿಕಾಯಿ ಹೆಚ್ಚಿಲ್ಲ ಬಿಡ್ರಿ" ಎಂದರು ಮಾಮಾ.

ಅಷ್ಟರಲ್ಲಿ ಚಹಾ ಬಂತು. ಎಡಗೈಯಲ್ಲಿ ಚಾಕು ಇತ್ತು. ಜುಬ್ಬಾದೊಳಗಿಂದ ಬಲಗೈ ಗಟ್ಟಿಮುಟ್ಟಾಗಿ ಹೊರಬಂದು ಕಪ್ಪು ಎತ್ತಿಕೊಂಡಿತು. ಅಂಗಡಿಯವನು ಆ ಕೈಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದ. ನಾನು ಪೇರಲದ ಸುಗ್ಗಿಯ ಬಗ್ಗೆ ಏನೋ ಕೇಳಿದೆ.

ಅಂಗಡಿ ಮುಗಿದ ಮೇಲೆ ನನ್ನ ಮೊಬೈಲು ಶುರುವಾಯಿತು. ಪಾರ್ಸೆಲ್‌ಗಳು ನಮ್ಮ ಮನೆಗೆ ಬರತೊಡಗಿದವು. ಒಂದಕ್ಕೆ ಅರ್ಧ ಅಲಗು ಗರಗಸ, ಅರ್ಧ ನುಣುಪು. ಹಣ್ಣಿಗೂ ಇಲ್ಲ, ಹಗ್ಗಕ್ಕೂ ಇಲ್ಲ. ಒಂದಕ್ಕೆ ಬಳಿದ ಕಪ್ಪು ಬಣ್ಣ ಸೌತೆಕಾಯಿಗೆ ಹತ್ತಿ ಅದು ಬದನೆಕಾಯಿಯಂತಾಯಿತು. ಇನ್ನೊಂದರ ಹಿಡಿಯ ತುದಿಗೆ ಮೊಳೆಯಂಥ ಮೊನೆ, ಅಪಘಾತವಾದರೆ ಕಾರಿನ ಗಾಜು ಒಡೆಯಲಂತೆ! ನಮ್ಮ ಅತ್ತೆ ಯಾರ ಕಾರಿನ ಗಾಜು ಒಡೆಯಬೇಕು? ಎಲ್ಲಕ್ಕೂ ಬೆನ್ನಿಗೊಂದು ಕ್ಲಿಪ್ಪು ಬೇರೆ. ಜೇಬಿಗೆ ಸಿಕ್ಕಿಸಿದರೆ ಜೇಬು ಹರಿಯುತ್ತದೆ, ಕೈಯಲ್ಲಿ ಹಿಡಿದರೆ ಅಂಗೈ ಒತ್ತುತ್ತದೆ. ಮಾಮಾನ ಎರಡು ಜುಬ್ಬಾ ಹಾಳಾದವು. ಇತ್ತ ನನ್ನ ಮೊಬೈಲು ನನ್ನ ಬಗ್ಗೆ ತನ್ನದೇ ಅಭಿಪ್ರಾಯ ಕಟ್ಟಿಕೊಂಡು, ಕತ್ತಿ, ಬೇಡಿ, ಕರಿ ಮುಸುಕು ಎಂದು ದಿನಕ್ಕೊಂದು ತೋರಿಸತೊಡಗಿತು. ನಾನು ಪ್ರೌಢಶಾಲೆಯ ಮಾಸ್ತರ, ಸ್ವಾಮಿ!

ಈ ನಡುವೆ ಮಗಳ ಸಂಬಂಧದ ಮಾತುಕತೆಗೆಂದು ಮಾನ್ವಿಗೆ ಹೋಗಬೇಕಾಯಿತು. ರೈಸ್ ಮಿಲ್ಲಿನ ಮನೆತನ, ದೊಡ್ಡ ಪಡಸಾಲೆ. ಹಿರಿಯರೆಂದು ಮಾಮಾನನ್ನೂ ಕರೆದುಕೊಂಡು ಹೋದೆ. ಅದೇ ಮುಂಜಾನೆ ಬಂದಿದ್ದ ಹನ್ನೊಂದು ಅಲಗಿನ ಚಾಕು ಅವರ ಜೇಬಿನಲ್ಲಿದೆ ಎಂದು ನನಗೇನು ಗೊತ್ತು? ಊಟವಾದ ಮೇಲೆ ಮಾವಿನಹಣ್ಣಿನ ಬುಟ್ಟಿ ಬಂತು. ಮಾಮಾ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಅಲಗು ಹುಡುಕಲು ಕೂತರು. ಮೊದಲು ಕತ್ತರಿ ಬಂತು. ಆಮೇಲೆ ಗರಗಸ. ಆಮೇಲೆ ಮೀನಿನ ಪೊರೆ ಹೆರೆಯುವ ಹಲ್ಲಿನ ಪಟ್ಟಿ, ಅದೂ ಲಿಂಗ ಕಟ್ಟಿಕೊಂಡವರ ಪಂಕ್ತಿಯಲ್ಲಿ! ನಾನು ಕೆಮ್ಮಿದೆ. ಕೊನೆಗೆ ಸುರುಳಿ ಸುರುಳಿಯಾದ ಒಂದು ಮುಳ್ಳು ಹೊರಬಂತು. ಅದೇನೆಂದು ಹುಡುಗನ ಅಜ್ಜ ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ಮಾಮಾ ಇಲಾಖೆಯ ವರದಿ ಓದುವ ದನಿಯಲ್ಲಿ ಹೇಳಿದರು:

"ದಾರೂ ಬಾಟ್ಲಿ ಬಿರಡಿ ತಗಿಯೋದ್ರಿ."

ಅಡುಗೆಮನೆಯ ಬಾಗಿಲಲ್ಲಿ ನಾಲ್ಕು ತಲೆಗಳು ಕಂಡವು. ಮಗಳ ಮದುವೆ ಮುಗಿಯಿತು ಎಂದುಕೊಂಡೆ, ನಡೆಯದೆಯೇ ಮುಗಿಯಿತು ಎಂಬ ಅರ್ಥದಲ್ಲಿ. ಅಜ್ಜ ಮಾತ್ರ ಆ ಮೀನಿನ ಪಟ್ಟಿಯನ್ನೇ ದಿಟ್ಟಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಇದು ಬೆನ್ನು ತುರಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳಿದರು! ಬರುತ್ತದೆ, ಬೇರೆ ಯಾವುದಕ್ಕೂ ಬರುವುದಿಲ್ಲ ಎಂದರು ಮಾಮಾ. ಅಜ್ಜ ಕೈ ಚಾಚಿದರು. ಮಾಮಾ ಚಾಕುವನ್ನು ಕೈಗೆ ಕೊಡದೆ ಜಮಖಾನದ ಮೇಲಿಟ್ಟರು. ಬೀಗರ ನಡುವೆ ಜಗಳ ಬೇಡ ಎಂದರು. ಬೀಗರು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಎಲ್ಲರೂ ನಕ್ಕರು, ಸಂಬಂಧ ಕುದುರಿತು. ಅಷ್ಟರಲ್ಲಿ ಮಾವಿನಹಣ್ಣನ್ನು ಎಲ್ಲರೂ ಹಿಸುಕಿ ಚೀಪಿ ಮುಗಿಸಿದ್ದರು.

ಮಗಳ ಮದುವೆ ಗೊತ್ತಾಯಿತು, ಅತ್ತೆಯ ಚಾಕು ಗೊತ್ತಾಗಲಿಲ್ಲ. ಮಳೆಗಾಲ ಬಂತು. ಮಾಮಾ ಬಂದಾಗಲೆಲ್ಲ ಅತ್ತೆ ಹೇಗಿದ್ದಾಳೆಂದು ಕೇಳುತ್ತಿದ್ದೆ. ಆರಾಮ ಇದ್ದಾಳೆ ಎನ್ನುತ್ತಿದ್ದರು. ಒಂದು ಸಲ ಮಾತ್ರ ಬೇರೆ ಹೇಳಿದರು:

"ನಿನ್ನೆ ಬೇಕಂತನ ಚಹಾದಾಗ ಸಕ್ರಿ ಕಮ್ಮಿ ಅದ ಅಂದೆ. ಹೂಂ ಅಂದ್ಲು. ಅಷ್ಟ."

ಆ ದಿನ ನನಗೆ ಮಾಮಾನ ಚಾಕುಗಳ ಬಗ್ಗೆ ನಗು ಬರಲಿಲ್ಲ.

ಶ್ರಾವಣ ಮುಗಿದ ಮೇಲೆ ರಾಯಚೂರು ಸ್ಟೇಷನ್ ರಸ್ತೆಯಲ್ಲಿ, ಬಾಚಣಿಕೆ, ಬೀಗ, ಕನ್ನಡಿಗಳ ನಡುವೆ ತಾಡಪತ್ರಿಯ ಮೇಲೆ ಬಿದ್ದಿದ್ದ ಒಂದು ಚಾಕು ಅವರ ಕಣ್ಣಿಗೆ ಬಿತ್ತು. ಅಗ್ಗದ್ದು, ಹೆಸರೂ ಇಲ್ಲದ್ದು. ಅಲಗಿನ ಬುಡಕ್ಕೆ ಹೆಬ್ಬೆರಳು ಕೂರುವಷ್ಟು ದೊಡ್ಡ ತೂತು. ತೂತಿಗೆ ಎಡ ಬಲ ಎಂಬ ಭೇದವಿಲ್ಲವಲ್ಲ! ಬೆನ್ನಿನ ಪಟ್ಟಿ ಒತ್ತಿ ತೊಡೆಗೆ ಆನಿಸಿದರೆ ಮುಚ್ಚಿಕೊಳ್ಳುತ್ತಿತ್ತು. ತಪ್ಪುಗಳು ಎರಡೇ: ಕ್ಲಿಪ್ಪು, ಮತ್ತು ಬಿಗಿ. ಆದರೆ ಅದರ ಸ್ಕ್ರೂಗಳ ತಲೆ ನಕ್ಷತ್ರದ ಆಕಾರದ್ದು. ಯಾರ ಮನೆಯ ಸ್ಕ್ರೂಡ್ರೈವರಿಗೂ ಬಗ್ಗದ ಇಂಥ ಸ್ಕ್ರೂ ಮಾಡಿದವನಿಗೆ ಮಾಮಾ ಅಲ್ಲೇ ನಿಂತು ಶಾಪ ಹಾಕಿದರು. ಕೊನೆಗೆ ಮೊಬೈಲು ರಿಪೇರಿಯವನೊಬ್ಬ ಕ್ಲಿಪ್ಪು ಬಿಚ್ಚಿ, ಅಲಗಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿಕೊಟ್ಟ. ಮಾಮಾ ಅವನ ಅಂಗಡಿಯಲ್ಲೇ ಎಡಗೈಯಿಂದ ಇಪ್ಪತ್ತು ಸಲ ತೆರೆದು ಮುಚ್ಚಿದರು. ನಾನು ಪಾಸೇ ಎಂದು ಕೇಳಿದೆ. ಅದನ್ನು ಹೇಳುವವರು ಬೇರೆ ಇದ್ದಾರೆ ಎಂದರು.

ಅದೇ ದಿನ ಮಧ್ಯಾಹ್ನ ಇಬ್ಬರೂ ದೇವದುರ್ಗ ಸೇರಿದೆವು. ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಾಮಾ ಗೂಟದಿಂದ ಸಂಚಿ ಇಳಿಸಿ ಅವಳ ಪಕ್ಕಕ್ಕಿಟ್ಟರು, ಪೇರಲ ತೊಳೆದು ತಂದರು, ಆಮೇಲೆ ಚಾಕು ತೆಗೆದರು. ಅತ್ತೆ ಅದನ್ನು ನೋಡಿ, ಹಳೆಯ ರೂಢಿಯಂತೆ ಎಡಗೈಯಿಂದ ನೆಲ ತೋರಿಸಿದಳು, ಕೆಳಗಿಡಿ ಎಂದು. ತೋರಿಸಿದ ಮೇಲೆ ಅವಳಿಗೇ ಹೊಳೆಯಿತು. ಅಷ್ಟು ಬಗ್ಗಿ ಎತ್ತಿಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ. ಚಾಚಿದ ಕೈ ಹಾಗೆಯೇ ಉಳಿಯಿತು.

ಮಾಮಾ ಕೆಳಗಿಡಲಿಲ್ಲ. ಆ ಕೈ ಹಿಡಿದು ಚಾಕುವನ್ನು ಅದರಲ್ಲೇ ಇಟ್ಟರು.

"ಕೈಯಾಗ ಕೊಡಬ್ಯಾಡ್ರಿ, ಜಗಳ ಆಗ್ತದ" ಎಂದಳು ಅತ್ತೆ, ತಡೆದು ತಡೆದು.

"ಆಗಲಿ. ಏಳು ತಿಂಗಳಾತು ನೀ ನನ್ನ ಕೂಡ ಜಗಳಾಡಿ."

ನಾನು ಹೊರಗೆ ಬೀದಿಯ ಕಡೆ ನೋಡಿದೆ. ತಿರುಗಿ ನೋಡಿದಾಗ ಅತ್ತೆಯ ಹೆಬ್ಬೆರಳು ತೂತಿನಲ್ಲಿತ್ತು. ಎರಡು ಸಲ ಜಾರಿತು, ಮೂರನೆಯ ಸಲ ಅಲಗು ತೆರೆಯಿತು. ಮಾಮಾ ಎರಡೂ ಕೈಯಲ್ಲಿ ಪೇರಲ ಹಿಡಿದು, ಹತ್ತೂ ಬೆರಳಿನ ಭಾರವನ್ನು ದೇವರ ಮೇಲೆ ಹಾಕಿ ಕೂತರು. ಅತ್ತೆ ಕೊಯ್ದಳು. ಮೊದಲ ಹೋಳು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದನ್ನು ನೋಡಿದಳು, ಚಾಕುವನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಮೊಂಡ ಅದ. ಮೂವತ್ತು ವರ್ಷ ಮಂದಿ ತಕ್ಕಡ್ಯಾಗ ತಪ್ಪು ಹುಡುಕಿದ್ರಿ, ಇದಕ್ಕ ಹರಿತ ಇಲ್ಲದ್ದು ಕಾಣಲಿಲ್ಲೇನು?"

ಮಾಮಾನ ಮುಖ ನೋಡಬೇಕಿತ್ತು! ನಿವೃತ್ತಿಯ ದಿನ ಹಾರ ಹಾಕಿಸಿಕೊಂಡಾಗಲೂ ಅಷ್ಟು ಅರಳಿರಲಿಲ್ಲ. ಹರಿತ ಇದೆ, ನಿನಗೇ ಕೊಯ್ಯಲು ಬರುವುದಿಲ್ಲ ಎಂದು ಅವರು ದನಿ ಏರಿಸಿದರು. ನೀವು ಹಣ್ಣು ಹಿಡಿದದ್ದೇ ಸೊಟ್ಟ ಎಂದಳು ಅವಳು. ಮಾತು ತೊದಲುತ್ತಿತ್ತು, ಆದರೆ ಸೋಲುತ್ತಿರಲಿಲ್ಲ. ಇಬ್ಬರೂ ಒಂದು ಪೇರಲವನ್ನು ಮುಗಿಸುವುದರೊಳಗೆ ಸೌತೆಕಾಯಿ, ಸಕ್ಕರೆ ಕಮ್ಮಿಯಾದ ಚಹಾ, ಹರಿದ ಎರಡು ಜುಬ್ಬಾ ಎಲ್ಲವೂ ಜಗಳದೊಳಗೆ ಬಂದವು.

ಮೊದಲ ಹೋಳು ನನಗೆ ಸಿಕ್ಕಿತು. ಉಪ್ಪು ಖಾರವನ್ನು ಮಾತ್ರ ಅತ್ತೆ ತಟ್ಟೆಯಲ್ಲಿಟ್ಟು ನನ್ನ ಕಡೆ ಸರಿಸಿದಳು, ನನ್ನ ಕೂಡ ಜಗಳ ಬೇಡವಂತೆ.